ಹತ್ತನೆಯವನ ಹೇಳಿಕೆ

1899ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಗೆ ಏದುಸಿರು ಬಿಡುತ್ತ ಬಂದ ರೋಗಿಗೆ ವಯಸ್ಸು 33. ಕಲ್ನಾರಿನಿಂದ, ಅಂದರೆ ಆಸ್ಬೆಸ್ಟಾಸ್‌ನಿಂದ, ನೂಲು ತೆಗೆಯುವ ಗಿರಣಿಯಲ್ಲಿ ಹದಿನಾಲ್ಕು ವರ್ಷ ದುಡಿದಿದ್ದ. ಅದರಲ್ಲಿ ಮೊದಲ ಹತ್ತು ವರ್ಷ ನಾರು ಹಿಂಜುವ ಕಾರ್ಡಿಂಗ್ ಕೋಣೆಯಲ್ಲಿ ಕಳೆದಿದ್ದವು. ಗಿರಣಿಯಲ್ಲಿ ಎಲ್ಲಕ್ಕಿಂತ ಅಪಾಯದ ಜಾಗ ಅದೇ ಎಂದು ಅವನೇ ಹೇಳಿದ. ಅವನನ್ನು ಪರೀಕ್ಷಿಸಿದ ವೈದ್ಯ ಎಚ್. ಮಾಂಟೇಗ್ ಮರ್ರೆ. ಕೇಳದೆಯೇ ರೋಗಿ ಇನ್ನೊಂದು ಮಾತನ್ನೂ ಹೇಳಿದ: ತಾನು ಆ ಕೋಣೆಗೆ ಸೇರಿದಾಗ ಅಲ್ಲಿದ್ದ ಹತ್ತು ಮಂದಿಯಲ್ಲಿ ಈಗ ಉಳಿದಿರುವವನು ತಾನೊಬ್ಬನೇ, ಮಿಕ್ಕವರೆಲ್ಲ ಮೂವತ್ತರ ಆಸುಪಾಸಿನಲ್ಲೇ ಸತ್ತರು. ಮರುವರ್ಷ ಅವನೂ ತೀರಿಕೊಂಡ. ಶವಪರೀಕ್ಷೆಯಲ್ಲಿ ಶ್ವಾಸಕೋಶ ಗಡಸಾಗಿತ್ತು, ಅದರೊಳಗೆ ಕಲ್ನಾರಿನ ಚೂರುಗಳು ಕಂಡವು. 1906ರಲ್ಲಿ ಕಸುಬಿನ ರೋಗಗಳಿಗೆ ಪರಿಹಾರ ಕೊಡುವ ವಿಚಾರವಾಗಿ ಬ್ರಿಟಿಷ್ ಸರ್ಕಾರ ನೇಮಿಸಿದ ಸಮಿತಿಯ ಮುಂದೆ ಮರ್ರೆ ಈ ಪ್ರಕರಣವನ್ನು ವಿವರಿಸಿದ. ಆ ಹತ್ತು ಮಂದಿಯ ಸಂಗತಿಗೆ ರೋಗಿಯ ಮಾತು ಬಿಟ್ಟರೆ ತನ್ನಲ್ಲಿ ಬೇರೆ ಪುರಾವೆ ಇಲ್ಲ ಎಂದ. ಈಚೆಗೆ ಗಿರಣಿಗಳಲ್ಲಿ ದೂಳು ತಡೆಯಲು ತಕ್ಕ ಏರ್ಪಾಟು ಆಗುತ್ತಿದೆಯಂತೆ, ಹಾಗಾಗಿ ಇಂಥ ಕಾಯಿಲೆ ಮುಂದೆ ಕಡಿಮೆಯಾದೀತು ಎಂದೂ ಸೇರಿಸಿದ. ಸಮಿತಿ ಪರಿಹಾರದ ಪಟ್ಟಿಯಲ್ಲಿ ಕಲ್ನಾರಿಗೆ ಜಾಗ ಕೊಡಲಿಲ್ಲ.

ಈ ಕಾಯಿಲೆಯ, ಅಂದರೆ ಆಸ್ಬೆಸ್ಟೋಸಿಸ್‌ನ, ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ. ಆಮೇಲಿನದನ್ನು ವೈದ್ಯವಿಜ್ಞಾನ ಮೆಲ್ಲಮೆಲ್ಲನೆ ಕಲಿತುಕೊಂಡ ಕತೆಯಾಗಿ ಹೇಳುತ್ತಾರೆ: ಎಕ್ಸ್‌ರೇ ಬಂತು, ಸಿ.ಟಿ. ಸ್ಕ್ಯಾನ್ ಬಂತು, ಅಡಗಿದ್ದ ರೋಗ ಬಯಲಾಯಿತು. ದಾಖಲೆಗಳನ್ನು ಸಾಲಾಗಿಟ್ಟು ಓದಿದರೆ ಈ ಕತೆ ನಿಲ್ಲುವುದಿಲ್ಲ. ರೋಗವನ್ನು ಗುರುತಿಸಲು ಬೇಕಾದ ಎರಡು ಸಾಮಗ್ರಿಗಳೂ 1900ರಲ್ಲೇ ಮರ್ರೆಯ ಕೈಯಲ್ಲಿದ್ದವು, ಒಂದು ಶವಪರೀಕ್ಷೆ, ಇನ್ನೊಂದು ಹೇಳಿಕೆ. ಇವುಗಳಲ್ಲಿ ಹೆಚ್ಚು ತೂಕದ್ದು ಹೇಳಿಕೆಯೇ. ಶವಪರೀಕ್ಷೆ ಒಬ್ಬನ ಎದೆಯ ಸ್ಥಿತಿಯನ್ನು ತಿಳಿಸಿತು, ಹೇಳಿಕೆ ಒಂದು ಕೋಣೆಯ ಸ್ಥಿತಿಯನ್ನು. ಅದು ನಿಜವೇ ಸುಳ್ಳೇ ಎಂದು ತಿಳಿಯಲು ಯಾವ ಯಂತ್ರವೂ ಬೇಕಿರಲಿಲ್ಲ, ಗಿರಣಿಯ ಹಾಜರಿ ಪುಸ್ತಕವನ್ನೂ ಊರಿನ ಮರಣ ದಾಖಲೆಯನ್ನೂ ಹೋಲಿಸಿದ್ದರೆ ಸಾಕಿತ್ತು. ಯಾರೂ ಹೋಲಿಸಲಿಲ್ಲ. ಮುಂದಿನ ನೂರು ವರ್ಷಗಳಲ್ಲಿ ಉಪಕರಣಗಳು ಬಂದವು, ನೆರವಾದವು, ಅದರಲ್ಲಿ ಅನುಮಾನವಿಲ್ಲ. ಆದರೆ ಈ ರೋಗದ ನಿರ್ಣಯ ಸರಿಹೋದದ್ದು ಕಾರ್ಮಿಕನ ಕೆಲಸದ ಚರಿತ್ರೆಯನ್ನು ಯಾರಾದರೂ ಪುರಾವೆಯೆಂದು ಎಣಿಸಿದಾಗ, ದಾರಿ ತಪ್ಪಿದ್ದು ಅದನ್ನು ಬದಿಗೊತ್ತಿದಾಗ. ಈ ಲೇಖನದ ವಾದ ಇಷ್ಟೇ. ಅದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳೂ ಇವೆ, ಅವುಗಳಲ್ಲಿ ಕೆಲವು ಗಟ್ಟಿಯಾದವೇ.

ಮೊದಲಿಗೆ, ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂಬ ಮಾತು. ಮರ್ರೆಯ ರೋಗಿ ಆಸ್ಪತ್ರೆಗೆ ಬರುವುದಕ್ಕೂ ಮುಂಚೆಯೇ, 1898ರ ವರದಿಯಲ್ಲಿ, ಬ್ರಿಟನ್ನಿನ ಮೊದಲ ಮಹಿಳಾ ಫ್ಯಾಕ್ಟರಿ ಇನ್ಸ್‌ಪೆಕ್ಟರುಗಳಲ್ಲಿ ಒಬ್ಬಳಾದ ಲೂಸಿ ಡೀನ್ ಕಲ್ನಾರಿನ ದೂಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ್ದನ್ನು ದಾಖಲಿಸಿದ್ದಳು. ಕಣಗಳು ಗಾಜಿನ ಚೂರಿನಂತೆ ಮೊನಚಾಗಿವೆ, ಗಾಳಿಯಲ್ಲಿ ಎಷ್ಟೇ ಪ್ರಮಾಣದಲ್ಲಿ ತೇಲಿದರೂ ಹಾನಿ ಕಂಡುಬಂದಿದೆ ಎಂಬುದು ಅವಳ ವರದಿಯ ಸಾರ. 1906ರಲ್ಲಿ ಫ್ರಾನ್ಸಿನ ಕಾರ್ಮಿಕ ಇನ್ಸ್‌ಪೆಕ್ಟರ್ ಡೆನಿ ಓರಿಬೋ ನಾರ್ಮಂಡಿಯ ಕೋಂದೆ-ಸುರ್-ನುವಾರೋ ಬಳಿಯ ಗಿರಣಿಯಲ್ಲಿ ಸುಮಾರು ಐವತ್ತು ಸಾವುಗಳಾದದ್ದನ್ನು ಬರೆದ. 1918ರಲ್ಲಿ ಅಮೆರಿಕದ ಪ್ರುಡೆನ್ಷಿಯಲ್ ವಿಮಾ ಕಂಪನಿಯ ಅಂಕಿಅಂಶ ತಜ್ಞ ಫ್ರೆಡರಿಕ್ ಹಾಫ್‌ಮನ್, ಕಲ್ನಾರು ಕಾರ್ಮಿಕರಿಗೆ ಜೀವವಿಮೆ ಕೊಡಲು ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ ಎಂದು ದಾಖಲಿಸಿದ. ಈ ಮೂವರಲ್ಲಿ ಒಬ್ಬರೂ ವೈದ್ಯರಲ್ಲ, ರೋಗಿಯ ಎದೆಗೆ ಕಿವಿಗೊಟ್ಟವರಲ್ಲ. ಇಬ್ಬರು ಕೆಲಸದ ಜಾಗವನ್ನು ನೋಡಿದವರು, ಒಬ್ಬ ಸಾವಿನ ಲೆಕ್ಕ ನೋಡಿದವನು. ವೈದ್ಯರ ಪಠ್ಯಪುಸ್ತಕದಲ್ಲಿ ಇನ್ನೂ ಹೆಸರಿಲ್ಲದ ರೋಗಕ್ಕೆ ವಿಮಾ ಕಂಪನಿಗಳು ಆಗಲೇ ಬೆಲೆ ಕಟ್ಟಿಬಿಟ್ಟಿದ್ದವು.

ಆ ಹೆಸರು ಹುಟ್ಟಿದ ಬಗೆ ನೋಡಬೇಕು. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಟರ್ನರ್ ಬ್ರದರ್ಸ್ ಗಿರಣಿಯಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಷಾ 1922ರ ಹೊತ್ತಿಗೆ ಕೆಲಸ ಮಾಡಲಾರದಷ್ಟು ಬಳಲಿದ್ದಳು. ಸ್ಥಳೀಯ ವೈದ್ಯ ವಾಲ್ಟರ್ ಜಾಸ್ ‘ಕಲ್ನಾರಿನ ವಿಷಬಾಧೆ’ ಎಂದು ಪ್ರಮಾಣಪತ್ರ ಬರೆದುಕೊಟ್ಟ. ಅವನಿಗೆ ಇದು ಹೊಸದಾಗಿರಲಿಲ್ಲ, ಆ ಊರಿನಲ್ಲಿ ಇಂಥ ರೋಗಿಗಳನ್ನು ವರ್ಷವರ್ಷವೂ ನೋಡುತ್ತಿದ್ದ. ಆ ಪ್ರಮಾಣಪತ್ರವೇ ನೆಲ್ಲಿಗೆ ಮುಳುವಾಯಿತು. ಕಾಯಿಲೆ ಕಸುಬಿನಿಂದ ಬಂದದ್ದಾದರೆ ಹೊಣೆ ಮಾಲೀಕರದು ಎಂದು ಹೇಳಿ ಆರೋಗ್ಯ ವಿಮೆಯ ಸಂಘ ಅವಳಿಗೆ ಭತ್ಯೆ ಕೊಡಲಿಲ್ಲ. ಅಂಥದೊಂದು ರೋಗ ಪರಿಹಾರ ಕಾಯ್ದೆಯ ಪಟ್ಟಿಯಲ್ಲೇ ಇಲ್ಲ, ಕಲ್ನಾರು ವಿಷವೂ ಅಲ್ಲ ಎಂದು ಹೇಳಿ ಕಂಪನಿಯೂ ಕೊಡಲಿಲ್ಲ. ವೈದ್ಯ ಸುಳ್ಳು ಬರೆದು ಮಾಮೂಲಿ ಶ್ವಾಸಕೋಶದ ಕಾಯಿಲೆ ಎಂದಿದ್ದರೆ ವಾರವಾರ ನಾಲ್ಕು ಕಾಸಾದರೂ ಅವಳ ಕೈಸೇರುತ್ತಿತ್ತು. 1924ರ ಮಾರ್ಚ್ 14ರಂದು, 33ನೇ ವಯಸ್ಸಿನಲ್ಲಿ, ಅವಳು ಸತ್ತಳು. ಗೋರಿಗೆ ಕಲ್ಲು ಕೂಡ ಇರಲಿಲ್ಲ.

ಸಾವಿನ ವಿಚಾರಣೆಗಾಗಿ ಅವಳ ಶ್ವಾಸಕೋಶ ವಿಲಿಯಂ ಕುಕ್ ಎಂಬ ರೋಗಶಾಸ್ತ್ರಜ್ಞನ ಮೇಜಿಗೆ ಬಂತು. ಕುಕ್‌ಗೆ ಅಲ್ಲಿ ಹಳೆಯ ಕ್ಷಯದ ಗುರುತುಗಳೂ ಕಂಡವು, ಕ್ಷಯವೊಂದೇ ವಿವರಿಸಲಾರದಷ್ಟು ವ್ಯಾಪಕವಾದ ನಾರುಗಟ್ಟುವಿಕೆಯೂ ಕಂಡಿತು. ಕ್ಷಯದ ಗುರುತು ಸಿಕ್ಕಿದೊಡನೆ ಕೈತೊಳೆದುಕೊಂಡು ಏಳುವುದು ಅಂದಿಗೆ ವಾಡಿಕೆಯೇ ಆಗಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಏಳಲಿಲ್ಲ. ಅಂಗಾಂಶದಲ್ಲಿ ಸಿಕ್ಕಿದ ಖನಿಜದ ಚೂರುಗಳನ್ನು ಕಲ್ನಾರಿನ ಮಾದರಿಯೊಂದಿಗೆ ಹೋಲಿಸಿ, ಎರಡೂ ಒಂದೇ ಎಂದು ತೀರ್ಮಾನಿಸಿ, ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ. 1927ರ ಲೇಖನದಲ್ಲಿ ಈ ಕಾಯಿಲೆಗೆ ಆಸ್ಬೆಸ್ಟೋಸಿಸ್ ಎಂದು ಹೆಸರಿಟ್ಟ. ಗಮನಿಸಬೇಕಾದದ್ದು, ಕುಕ್ ಹೊಸ ಉಪಕರಣವನ್ನೇನೂ ಬಳಸಲಿಲ್ಲ. ಈ ಹೆಂಗಸು ಯಾವ ಕೆಲಸ ಮಾಡುತ್ತಿದ್ದಳೆಂದು ತಿಳಿದೇ ಅವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟದ್ದು. ಅದು ಗೊತ್ತಿರದಿದ್ದರೆ ಹೋಲಿಸಲು ಕಲ್ನಾರಿನ ಮಾದರಿಯನ್ನು ತರಿಸುವ ಯೋಚನೆಯಾದರೂ ಎಲ್ಲಿಂದ ಬರಬೇಕು?

ಇಲ್ಲಿ ಕ್ಷಯದ ಆಕ್ಷೇಪವನ್ನು ಎದುರಿಸಬೇಕು, ಏಕೆಂದರೆ ಅದು ನೆಪವಲ್ಲ. ಆ ಕಾಲದ ಗಿರಣಿ ಊರುಗಳಲ್ಲಿ ಕ್ಷಯ ಮನೆಮನೆಯ ಕಾಯಿಲೆ. ಕೆಮ್ಮು, ಏದುಸಿರು, ತೂಕ ಇಳಿತ ಎರಡರಲ್ಲೂ ಇವೆ, ಎರಡೂ ಒಬ್ಬರಲ್ಲೇ ಇರುವುದೂ ಉಂಟು. ವೈದ್ಯ ಎಡವಿದರೆ ಅವನನ್ನು ದೂರುವುದು ಹೇಗೆ? ಆದರೆ ವ್ಯತ್ಯಾಸಗಳೂ ಇದ್ದವು. ಕ್ಷಯ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗವನ್ನು ಹಿಡಿದರೆ ಇದು ತಳಭಾಗದಿಂದ ಶುರುವಾಗುತ್ತದೆ. ಉದ್ದನೆಯ ತೆಳು ಎಳೆಗಳು ಉಸಿರಿನೊಡನೆ ಆಳಕ್ಕಿಳಿಯುತ್ತವೆ. ಅವುಗಳನ್ನು ನುಂಗಿ ಅರಗಿಸಬೇಕಾದ ರಕ್ಷಕ ಜೀವಕೋಶಗಳು ತಮಗಿಂತ ಉದ್ದನೆಯ ಎಳೆಯನ್ನು ಅರ್ಧ ನುಂಗಿ ಸಾಯುತ್ತವೆ. ಉರಿಯೂತ ಆರುವುದೇ ಇಲ್ಲ, ಗಾಯ ಮಾಯುವ ಕ್ರಮದಲ್ಲೇ ಶ್ವಾಸಕೋಶ ನಾರುಗಟ್ಟುತ್ತ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಕೆಲವು ಎಳೆಗಳಿಗೆ ದೇಹ ಕಬ್ಬಿಣಾಂಶದ ಪೊರೆ ಹೊದಿಸುತ್ತದೆ, ಸೂಕ್ಷ್ಮದರ್ಶಕದಲ್ಲಿ ಅವು ಎರಡು ತುದಿ ಉಬ್ಬಿದ ಹೊಂಬಣ್ಣದ ಕಡ್ಡಿಗಳಾಗಿ ಕಾಣುತ್ತವೆ. ಬೆನ್ನಿನ ಕೆಳಭಾಗದಲ್ಲಿ ಸ್ಟೆತಾಸ್ಕೋಪ್ ಇಟ್ಟರೆ, ಉಸಿರನ್ನು ಪೂರ್ತಿ ಎಳೆದುಕೊಳ್ಳುವ ಕೊನೆಯಲ್ಲಿ ಕಿವಿಯ ಬಳಿ ಕೂದಲು ಹೊಸೆದಂಥ ಸಣ್ಣ ಚಿಟಪಟ ಕೇಳುತ್ತದೆ. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಇವೆಲ್ಲ 1920ರ ದಶಕದ ವೈದ್ಯನ ಕೈಗೆ ನಿಲುಕುತ್ತಿದ್ದ ಸುಳಿವುಗಳೇ. ಆದರೆ ಯಾವ ಸುಳಿವೂ ಒಂಟಿಯಾಗಿ ಕಲ್ನಾರಿನತ್ತ ಬೊಟ್ಟು ಮಾಡುವುದಿಲ್ಲ, ಕಸುಬು ಯಾವುದೆಂದು ಕೇಳಿದವನಿಗೆ ಮಾತ್ರ ಅವೆಲ್ಲ ಒಟ್ಟುಗೂಡಿ ಅರ್ಥ ಕೊಡುತ್ತವೆ. ಕ್ಷಯದ ನೆರಳು ನಿಜವಾಗಿಯೂ ದಟ್ಟವಾಗಿತ್ತು, ಆದರೆ ಅದರಿಂದ ಸಿದ್ಧವಾಗುವುದು ಕಸುಬಿನ ಪ್ರಶ್ನೆಯನ್ನು ಇನ್ನೂ ಮುಂಚೆ ಕೇಳಬೇಕಿತ್ತು ಎಂಬುದೇ ಹೊರತು ಕೇಳುವುದು ವ್ಯರ್ಥವಾಗಿತ್ತು ಎಂಬುದಲ್ಲ.

ಆ ಪ್ರಶ್ನೆಯನ್ನು ಮೊದಲ ಸಲ ಸಾಮೂಹಿಕವಾಗಿ ಕೇಳಿದ್ದು ಬ್ರಿಟನ್ನಿನ ಫ್ಯಾಕ್ಟರಿ ಇಲಾಖೆ. 1928ರಲ್ಲಿ ಗ್ಲಾಸ್ಗೋದಲ್ಲಿ, ಕ್ಷಯವಿಲ್ಲದೆಯೂ ಶ್ವಾಸಕೋಶ ನಾರುಗಟ್ಟಿದ್ದ ಕಲ್ನಾರು ಕಾರ್ಮಿಕನೊಬ್ಬನ ಪ್ರಕರಣ ಇಲಾಖೆಯ ಗಮನಕ್ಕೆ ಬಂತು. ವೈದ್ಯಕೀಯ ಇನ್ಸ್‌ಪೆಕ್ಟರ್ ಮೆರಿವೆದರ್ ಕಾರ್ಮಿಕರನ್ನು ಪರೀಕ್ಷಿಸಿದ, ಎಂಜಿನಿಯರಿಂಗ್ ಇನ್ಸ್‌ಪೆಕ್ಟರ್ ಪ್ರೈಸ್ ದೂಳು ಹೀರುವ ಏರ್ಪಾಟುಗಳನ್ನು ಪರಿಶೀಲಿಸಿದ. 1930ರ ಅವರ ವರದಿಯಲ್ಲಿ 363 ಕಾರ್ಮಿಕರ ಲೆಕ್ಕವಿದೆ. ಅವರಲ್ಲಿ 95 ಮಂದಿಗೆ, ಅಂದರೆ ಶೇ 26.2ರಷ್ಟು ಜನರಿಗೆ ರೋಗವಿತ್ತು, ಇನ್ನೂ 21 ಮಂದಿಯಲ್ಲಿ ಅದರ ಮುನ್ಸೂಚನೆಗಳಿದ್ದವು. ಮೆರಿವೆದರ್ ಈ 363 ಜನರನ್ನು ಸೇವೆಯ ಅವಧಿಗೆ ತಕ್ಕಂತೆ ವಿಂಗಡಿಸಿದ್ದೇ ವರದಿಯ ಜೀವಾಳ. ಐದು ವರ್ಷ ತುಂಬದವರಲ್ಲಿ ರೋಗವಿಲ್ಲ, ವರ್ಷ ಏರಿದಂತೆ ಪ್ರಮಾಣ ಏರುತ್ತದೆ, ಇಪ್ಪತ್ತು ವರ್ಷ ದಾಟಿದವರಲ್ಲಿ ರೋಗಿಗಳೇ ಹೆಚ್ಚು. ಎಕ್ಸ್‌ರೇ ಚಿತ್ರಗಳನ್ನು ಅವನು ಬಳಸಿದ, ಆದರೆ ತೀರ್ಪು ನಿಂತದ್ದು ಸೇವಾವಧಿ ಮತ್ತು ಪರೀಕ್ಷೆಯನ್ನು ಪಕ್ಕಪಕ್ಕ ಇಟ್ಟ ಆ ಪಟ್ಟಿಯ ಮೇಲೆ. ಅದರಲ್ಲೂ ಒಂದು ಕೊರತೆ ಉಳಿಯಿತು: ಅವನು ನೋಡಿದ್ದು ಇನ್ನೂ ಕೆಲಸದಲ್ಲಿದ್ದವರನ್ನು. ಉಸಿರು ಸಾಲದೆ ಗಿರಣಿ ಬಿಟ್ಟವರು, ಸತ್ತವರು ಲೆಕ್ಕದ ಹೊರಗೇ ಉಳಿದರು. ಆದ್ದರಿಂದ ಶೇ 26.2 ಎಂಬುದು ರೋಗದ ಅಳತೆಯೆನ್ನುವುದಕ್ಕಿಂತ ಅದರ ಕನಿಷ್ಠ ಮಿತಿ.

1931ರಲ್ಲಿ ಕಾನೂನು ಬಂತು. ದೂಳು ನಿಯಂತ್ರಣ, ನಿಯತಕಾಲಿಕ ವೈದ್ಯಕೀಯ ತಪಾಸಣೆ, ಪರಿಹಾರ ಮೂರೂ ಅದರಲ್ಲಿದ್ದವು. ಆದರೆ ಅದು ಅನ್ವಯವಾದದ್ದು ಗೊತ್ತುಪಡಿಸಿದ ಕೆಲವು ಕೆಲಸಗಳಿಗೆ, ಮುಖ್ಯವಾಗಿ ನೂಲು-ನೇಯ್ಗೆಯ ಗಿರಣಿಗಳಿಗೆ. ಹಡಗಿನ ಬಾಯ್ಲರಿಗೆ, ಕಾರ್ಖಾನೆಯ ಕೊಳವೆಗಳಿಗೆ ಕಲ್ನಾರಿನ ಹೊದಿಕೆ ಸುತ್ತುತ್ತಿದ್ದವರು ಅದರ ಹೊರಗೆ ಉಳಿದರು. ಪಟ್ಟಿಯಲ್ಲಿಲ್ಲದವನ ಎದೆಯನ್ನು ಯಾರೂ ನೋಡಲಿಲ್ಲ, ನೋಡದ್ದರಿಂದ ಅವನಲ್ಲಿ ರೋಗವೂ ಕಾಣಲಿಲ್ಲ. ಕಾನೂನು ಹುಡುಕಲು ಹೇಳಿದ ಕಡೆಯಲ್ಲಷ್ಟೇ ರೋಗ ಸಿಗುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ಇದರ ಸೋದರ ನಿದರ್ಶನವಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್‌ಗೆ ಮೈಸೂರು ಸಂಸ್ಥಾನ 1940ರಲ್ಲಿ ನಿಯಮಗಳನ್ನು ಮಾಡಿತು. ಆ ದಶಕದಲ್ಲಿ ಅಲ್ಲಿ ನಡೆದ ಸಮೀಕ್ಷೆ ಪರೀಕ್ಷಿಸಿದ ಸಾವಿರಾರು ಕಾರ್ಮಿಕರಲ್ಲಿ ಹತ್ತಕ್ಕೆ ನಾಲ್ವರಿಗಿಂತ ಹೆಚ್ಚು ಮಂದಿಯಲ್ಲಿ ರೋಗವನ್ನು ಗುರುತಿಸಿತು. ಕೆ.ಜಿ.ಎಫ್.ನ ಕಲ್ಲು ಆ ದಶಕದಲ್ಲಿ ಹೊಸದಾಗಿ ಕ್ರೂರವಾಗಿರಲಿಲ್ಲ. ಅಷ್ಟು ವರ್ಷ ಕೇಳದಿದ್ದುದನ್ನು ಆಗ ಕೇಳಿದರು.

ಅಮೆರಿಕದಲ್ಲಿ ಲೆಕ್ಕ ತಪ್ಪಿದ ರೀತಿ ಬೇರೆ. 1938ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ ಉತ್ತರ ಕ್ಯಾರೊಲಿನಾದ ಕಲ್ನಾರು ಗಿರಣಿಗಳ ಅಧ್ಯಯನವನ್ನು ಪ್ರಕಟಿಸಿ, ಘನ ಅಡಿ ಗಾಳಿಗೆ 50 ಲಕ್ಷ ಕಣಗಳೆಂಬ ಮಿತಿಯನ್ನು ಸೂಚಿಸಿತು. ಅಧ್ಯಯನಕ್ಕೆ ಮುಂಚೆಯೇ ಸುಮಾರು 150 ಮಂದಿಯನ್ನು ಆ ಗಿರಣಿಗಳಿಂದ ತೆಗೆದುಹಾಕಲಾಗಿತ್ತು. ಉಳಿದವರ ಆರೋಗ್ಯದ ಮೇಲೆ ನಿಂತ ಆ ಮಿತಿ ಮುಂದೆ ಮೂರು ದಶಕ ಸುರಕ್ಷತೆಯ ಅಳತೆಗೋಲಾಯಿತು. 1949ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ನಡೆದದ್ದು ಇನ್ನೂ ನೇರ. ಜಾನ್ಸ್-ಮ್ಯಾನ್‌ವಿಲ್ ಕಂಪನಿಯ ವೈದ್ಯ ಕೆನೆತ್ ಸ್ಮಿತ್ 708 ಕಾರ್ಮಿಕರ ಎಕ್ಸ್‌ರೇ ಓದಿದ. ಏಳು ಮಂದಿಯಲ್ಲಿ ಆಸ್ಬೆಸ್ಟೋಸಿಸ್ ಸ್ಪಷ್ಟವಾಗಿತ್ತು. ಕೆಲಸ ಮಾಡಲಾಗದ ಸ್ಥಿತಿ ಬರುವ ತನಕ ಅವರಿಗೆ ತಿಳಿಸದಿರುವುದೇ ಒಳ್ಳೆಯದು, ಅವರು ನೆಮ್ಮದಿಯಾಗಿ ದುಡಿದಾರು, ಕಂಪನಿಗೂ ಅವರ ಅನುಭವದ ಲಾಭ ಸಿಕ್ಕೀತು ಎಂಬುದು ಅವನು ಬರೆದಿಟ್ಟ ವರದಿಯ ತಾತ್ಪರ್ಯ. ಎಕ್ಸ್‌ರೇ ಇತ್ತು, ಓದಬಲ್ಲ ವೈದ್ಯನಿದ್ದ, ರೋಗನಿರ್ಣಯವೂ ಸರಿಯಾಗಿತ್ತು. ಉಪಕರಣವಿಲ್ಲದ್ದರಿಂದ ರೋಗ ಅಡಗಿತ್ತು ಎನ್ನುವವರು ಈ ಏಳು ಮಂದಿಯನ್ನು ಎಲ್ಲಿ ಸೇರಿಸುತ್ತಾರೆ?

ಅಷ್ಟರಲ್ಲಿ ಪ್ರಶ್ನೆ ನಾರುಗಟ್ಟುವಿಕೆಯನ್ನು ದಾಟಿ ಕ್ಯಾನ್ಸರಿಗೆ ಬಂದಿತ್ತು. 1955ರಲ್ಲಿ ಸಂಶೋಧಕ ರಿಚರ್ಡ್ ಡಾಲ್, ಅದೇ ರಾಚ್‌ಡೇಲ್ ಗಿರಣಿಯಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ದೂಳಿನಲ್ಲಿ ದುಡಿದ 113 ಗಂಡಸರ ಲೆಕ್ಕ ತೆಗೆದ. ಸಾಮಾನ್ಯ ಜನರ ದರದಂತೆ ಅವರಲ್ಲಿ ಶ್ವಾಸಕೋಶ ಕ್ಯಾನ್ಸರಿನಿಂದ ಒಂದಕ್ಕಿಂತಲೂ ಕಡಿಮೆ ಸಾವನ್ನು ನಿರೀಕ್ಷಿಸಬಹುದಾಗಿತ್ತು, ಆಗಿದ್ದವು 11. ಇದು ಹಾಜರಿ ಪುಸ್ತಕವನ್ನು ಮರಣ ದಾಖಲೆಯೊಡನೆ ಹೋಲಿಸುವ ವಿಧಾನವೇ. ಪ್ರಕಟಿಸದಂತೆ ತಡೆಯಲು ಕಂಪನಿ ನೋಡಿತು, ಡಾಲ್ ಪ್ರಕಟಿಸಿದ. ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ಕ್ಷಯದ ಆಸ್ಪತ್ರೆ ನಡೆಸುತ್ತಿದ್ದ ವೈದ್ಯ ಸ್ಲೆಗ್ಸ್‌ಗೆ ಒಂದು ವಿಚಿತ್ರ ಕಾಣಿಸಿತು. ಊರಿನ ಪೂರ್ವದಿಂದ ಬಂದ ರೋಗಿಗಳು ಕ್ಷಯದ ಔಷಧಿಗೆ ಚೇತರಿಸಿಕೊಳ್ಳುತ್ತಿದ್ದರು, ಪಶ್ಚಿಮದಿಂದ ಬಂದ ಕೆಲವರು ಚೇತರಿಸಿಕೊಳ್ಳುತ್ತಿರಲಿಲ್ಲ. ಪಶ್ಚಿಮದಲ್ಲಿದ್ದುದು ನೀಲಿ ಕಲ್ನಾರಿನ ಗಣಿಗಳು. ರೋಗಶಾಸ್ತ್ರಜ್ಞ ವ್ಯಾಗ್ನರ್, ಸ್ಲೆಗ್ಸ್, ಮಾರ್ಚಂಡ್ ಸೇರಿ 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರಾದ ಮೆಸೊಥೆಲಿಯೋಮಾದ 33 ಪ್ರಕರಣಗಳಿದ್ದವು. ಅದುವರೆಗೆ ಅಂಥ ಕ್ಯಾನ್ಸರ್ ಉಂಟೇ ಎಂಬುದನ್ನೇ ಅನೇಕ ರೋಗಶಾಸ್ತ್ರಜ್ಞರು ಅನುಮಾನಿಸುತ್ತಿದ್ದರು. ಆ ರೋಗಿಗಳಲ್ಲಿ ಹಲವರು ಗಣಿಯಲ್ಲಿ ದುಡಿದವರೇ ಅಲ್ಲ, ಬಾಲ್ಯದಲ್ಲಿ ಗಣಿಯ ಪಕ್ಕದ ಊರಲ್ಲಿ ಆಡಿ ಬೆಳೆದವರು. ಹಾಗಾಗಿ ಈಗಿನ ಕಸುಬು ಕೇಳಿದರೂ ಸಾಲದಾಯಿತು, ನಲವತ್ತು ವರ್ಷ ಹಿಂದಕ್ಕೆ ಹೋಗಿ, ಎಲ್ಲಿ ಹುಟ್ಟಿದೆ, ಅಪ್ಪ ಏನು ಮಾಡುತ್ತಿದ್ದ ಎಂದು ಕೇಳಬೇಕಾಯಿತು.

ನ್ಯೂಯಾರ್ಕಿನ ಇರ್ವಿಂಗ್ ಸೆಲಿಕಾಫ್ ಕೂಡ ಕ್ಷಯದಿಂದಲೇ ಈ ಕಡೆಗೆ ಬಂದವನು. ಐಸೋನಿಯಾಜಿಡ್ ಔಷಧಿಯ ಮೊದಲ ಪ್ರಯೋಗಗಳಲ್ಲಿ ಹೆಸರು ಮಾಡಿದ್ದವನು. ಕಂಪನಿಗಳ ದಾಖಲೆ ಸಿಗದಿದ್ದಾಗ ಅವನು ಕೊಳವೆಗಳಿಗೆ ಹೊದಿಕೆ ಸುತ್ತುವ ಕಾರ್ಮಿಕರ ಸಂಘದ ಬಾಗಿಲು ತಟ್ಟಿದ. ಯಾರು ಯಾವ ವರ್ಷ ಸೇರಿದರು, ಯಾವಾಗ ಸತ್ತರು ಎಂಬ ಲೆಕ್ಕ ಸಂಘದ ಬಳಿ ಅಚ್ಚುಕಟ್ಟಾಗಿತ್ತು. 1964ರಲ್ಲಿ ಪ್ರಕಟವಾದಂತೆ, 632 ಸದಸ್ಯರಲ್ಲಿ ಶ್ವಾಸಕೋಶ ಕ್ಯಾನ್ಸರಿನಿಂದ ಸುಮಾರು ಏಳು ಸಾವು ನಿರೀಕ್ಷಿತವಾಗಿದ್ದ ಕಡೆ 45 ಸಾವುಗಳಾಗಿದ್ದವು. ಮರುವರ್ಷದ ವರದಿಯಲ್ಲಿ 1,117 ಕಾರ್ಮಿಕರ ಎಕ್ಸ್‌ರೇ ಇವೆ. ಈ ಕೆಲಸ ಹಿಡಿದು 20 ವರ್ಷ ದಾಟಿದ್ದ 392 ಮಂದಿಯಲ್ಲಿ 339 ಮಂದಿಯ ಚಿತ್ರಗಳಲ್ಲಿ ಆಸ್ಬೆಸ್ಟೋಸಿಸ್‌ನ ಗುರುತಿತ್ತು. ಬ್ರಿಟನ್ನಿನ 1931ರ ಕಾನೂನು ಹೊರಗಿಟ್ಟದ್ದು ಇದೇ ಕಸುಬಿನವರನ್ನು.

ಇಷ್ಟಾದ ಮೇಲೆ ರೋಗನಿರ್ಣಯದ ಅಧಿಕಾರ ಚಿತ್ರಕ್ಕೆ ಹೋಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ದೂಳಿನ ರೋಗಗಳ ಎಕ್ಸ್‌ರೇ ಓದಲು ಒಂದು ಕ್ರಮವನ್ನು ರೂಪಿಸಿ ಕಾಲಕಾಲಕ್ಕೆ ತಿದ್ದುತ್ತ ಬಂದಿದೆ. ಚಿತ್ರದಲ್ಲಿನ ಕಲೆಗಳ ದಟ್ಟಣೆಗೆ 0ಯಿಂದ 3ರವರೆಗೆ ನಾಲ್ಕು ದರ್ಜೆ, ಒಂದೊಂದನ್ನೂ ಮೂರು ಮಾಡಿ ಒಟ್ಟು ಹನ್ನೆರಡು ಮೆಟ್ಟಿಲು. 1/0 ಎಂದು ಬರೆದರೆ, ವೈದ್ಯ 1 ಎಂದು ತೀರ್ಮಾನಿಸಿದರೂ 0 ಇದ್ದೀತೆಂದು ಗಂಭೀರವಾಗಿ ಯೋಚಿಸಿದ ಎಂದರ್ಥ. ಓದುವವನ ಅನುಮಾನವನ್ನೂ ದಾಖಲಿಸುವ ಪ್ರಾಮಾಣಿಕ ಕ್ರಮವಿದು. ಆದರೆ ಅದನ್ನು ರೋಗದ ಗಡಿಗೆರೆಯಾಗಿ ಬಳಸಿದಾಗ ಕಷ್ಟ ಶುರು. ಅಮೆರಿಕದ ಎದೆರೋಗ ತಜ್ಞರ ಸಂಘ 1986ರಲ್ಲಿ 1/1 ಬೇಕೆಂದಿತು, 2004ರಲ್ಲಿ 1/0 ಸಾಕೆಂದಿತು. ಅದೇ ಎದೆ, ಅದೇ ಚಿತ್ರ, ಒಂದು ಮೆಟ್ಟಿಲು ಸರಿದರೆ ಆರೋಗ್ಯವಂತ ರೋಗಿಯಾಗುತ್ತಾನೆ. ಚಿತ್ರ ಶುಭ್ರವಾಗಿದ್ದರೆ ರೋಗವಿಲ್ಲ ಎನ್ನಲೂ ಬರುವುದಿಲ್ಲ. 1987ರಲ್ಲಿ ಸೆಲಿಕಾಫನ ತಂಡ, ಅಂಗಾಂಶ ಪರೀಕ್ಷೆಯಲ್ಲಿ ನಾರುಗಟ್ಟುವಿಕೆ ಖಚಿತವಾಗಿದ್ದ 138 ಕಾರ್ಮಿಕರ ಹಳೆಯ ಎಕ್ಸ್‌ರೇಗಳನ್ನು ತೆರೆದು ನೋಡಿತು. 25 ಮಂದಿಯ ಚಿತ್ರದಲ್ಲಿ ನಾರುಗಟ್ಟುವಿಕೆಯ ಸುಳಿವೇ ಇರಲಿಲ್ಲ.

ಈಗ ಅತಿ ಗಟ್ಟಿಯಾದ ಆಕ್ಷೇಪ. ಕಾರ್ಮಿಕನ ಮಾತಿಗೆ ಇಷ್ಟು ತೂಕ ಕೊಟ್ಟರೆ ಇಲ್ಲದ ರೋಗವೂ ಹುಟ್ಟುವುದಿಲ್ಲವೇ? ಹುಟ್ಟಿದೆ. ಅಮೆರಿಕದಲ್ಲಿ ಕಲ್ನಾರಿನ ಪರಿಹಾರದ ಮೊಕದ್ದಮೆಗಳು ಲಕ್ಷಗಟ್ಟಲೆ ಬೆಳೆದಾಗ ವಕೀಲರ ಖರ್ಚಿನಲ್ಲಿ ಸಾಮೂಹಿಕ ಎಕ್ಸ್‌ರೇ ತಪಾಸಣೆಗಳು ನಡೆದವು. 2004ರಲ್ಲಿ ಗಿಟ್ಲಿನ್ ಮತ್ತು ಸಂಗಡಿಗರು ಅಂಥ 492 ಚಿತ್ರಗಳನ್ನು ಆರು ಮಂದಿ ತಟಸ್ಥ ತಜ್ಞರಿಗೆ ಕೊಟ್ಟು ಓದಿಸಿದರು. ಫಿರ್ಯಾದಿಗಳ ಕಡೆಯ ವೈದ್ಯರು ಶೇ 95.9ರಷ್ಟರಲ್ಲಿ ದೋಷ ಕಂಡಿದ್ದರು, ತಟಸ್ಥರು ಕಂಡದ್ದು ಶೇ 4.5ರಲ್ಲಿ. ಈ ಅಂಕಿಯನ್ನು ಉದ್ಯಮದ ಪರ ವಾದಿಸುವವರು ಸಂತೋಷದಿಂದ ಉಲ್ಲೇಖಿಸುತ್ತಾರೆ, ಉಲ್ಲೇಖಿಸುವ ಹಕ್ಕೂ ಅವರಿಗಿದೆ. ಸುಳ್ಳು ರೋಗಿಗಳು ನಿಜವಾದ ರೋಗಿಗಳ ಪಾಲನ್ನು ಕಿತ್ತುಕೊಂಡದ್ದು ಸಣ್ಣ ಅನ್ಯಾಯವಲ್ಲ. ಆದರೆ ಅಲ್ಲಿ ಕೆಟ್ಟದ್ದೇನು ಎಂಬುದನ್ನು ನೋಡಿ. ಆ ತಪಾಸಣೆಗಳಲ್ಲಿ ಕೂಲಂಕಷವಾಗಿ ಕೂತು ಕೆಲಸದ ಚರಿತ್ರೆ ಬರೆದುಕೊಂಡವರು ಕಡಿಮೆ. ಚಿತ್ರ ಓದುವವನು ರೋಗಿಯನ್ನು ನೋಡಬೇಕಾಗಿಯೇ ಇರಲಿಲ್ಲ. ಕಂಪನಿಯ ವೈದ್ಯ ಚಿತ್ರ ಹಿಡಿದು ಕಾರ್ಮಿಕನ ಬಾಯಿ ಮುಚ್ಚಿದಂತೆಯೇ ವಕೀಲರ ವೈದ್ಯ ಚಿತ್ರ ಹಿಡಿದು ಅವನ ಪರವಾಗಿ ತಾನೇ ಮಾತಾಡಿದ. ಎರಡು ಕಡೆಯೂ ಕಾಣೆಯಾದದ್ದು ಒಂದೇ: ಯಾವ ಗಿರಣಿ, ಯಾವ ಕೋಣೆ, ಯಾವ ಯಂತ್ರದ ಮುಂದೆ, ಎಷ್ಟು ವರ್ಷ, ಜೊತೆಗಿದ್ದವರು ಏನಾದರು ಎಂಬ ಪರಿಶೀಲಿಸಬಹುದಾದ ಹೇಳಿಕೆ. ಹೇಳಿಕೆಯನ್ನು ಪುರಾವೆಯಾಗಿ ಪರಿಗಣಿಸುವುದೆಂದರೆ ಕೇಳಿದ್ದನ್ನೆಲ್ಲ ನಂಬುವುದಲ್ಲ, ಉಳಿದ ಪುರಾವೆಗಳಂತೆ ಅದನ್ನೂ ಒರೆಗೆ ಹಚ್ಚುವುದು.

ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಈ ಚರ್ಚೆಯೇ ಹಳತಾಯಿತಲ್ಲ ಎಂದು ಕೇಳಬಹುದು. ಸಿ.ಟಿ. ಎಕ್ಸ್‌ರೇಗಿಂತ ಬಹಳ ಮುಂಚೆ ರೋಗವನ್ನು ತೋರಿಸುತ್ತದೆ ಎಂಬುದು ನಿಜ. ಶ್ವಾಸಕೋಶದ ಹೊರಪೊರೆಯ ಮೇಲೆ ಕಲ್ನಾರು ಮೂಡಿಸುವ ಗಟ್ಟಿ ತೇಪೆಗಳನ್ನು ಅದು ಸ್ಪಷ್ಟವಾಗಿ ಹಿಡಿಯುತ್ತದೆ. ಅಂಥ ತೇಪೆ ಸಿಕ್ಕಿದರೆ ಅನುಮಾನ ಬಹುಪಾಲು ಕಳೆಯುತ್ತದೆ. ಆದರೆ ತೇಪೆ ಎಲ್ಲರಲ್ಲೂ ಇರುವುದಿಲ್ಲ. ಇಲ್ಲದಿದ್ದಾಗ, ಕಾರಣ ತಿಳಿಯದೆ ಶ್ವಾಸಕೋಶ ನಾರುಗಟ್ಟುವ ಇನ್ನೊಂದು ಕಾಯಿಲೆಯನ್ನೂ ಆಸ್ಬೆಸ್ಟೋಸಿಸ್ಸನ್ನೂ ಚಿತ್ರದಿಂದಷ್ಟೇ ಬೇರ್ಪಡಿಸುವುದು ಈಗಲೂ ಕಷ್ಟ. ಉಸಿರಿನ ಪರೀಕ್ಷೆಯೂ ಇಲ್ಲಿ ಕೈಕೊಡುತ್ತದೆ, ಶ್ವಾಸಕೋಶದ ಸಾಮರ್ಥ್ಯ ಕುಗ್ಗಿದೆ ಎನ್ನುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ. ಅದಕ್ಕೇ 2004ರ ಅಮೆರಿಕನ್ ಮಾರ್ಗದರ್ಶಿ ರೋಗನಿರ್ಣಯಕ್ಕೆ ರಚನೆಯಲ್ಲಿನ ಬದಲಾವಣೆ, ಕಲ್ನಾರಿನ ಒಡನಾಟದ ಪುರಾವೆ, ಬೇರೆ ಕಾರಣಗಳ ನಿರಾಕರಣೆ ಮೂರನ್ನೂ ಕೇಳುತ್ತದೆ. 1997ರಲ್ಲಿ ಹೆಲ್ಸಿಂಕಿಯಲ್ಲಿ ಸೇರಿದ ತಜ್ಞರು ಇನ್ನೂ ಸ್ಪಷ್ಟವಾಗಿ, ಒಡನಾಟವನ್ನು ಅಳೆಯಲು ನಂಬಬಹುದಾದ ಕೆಲಸದ ಚರಿತ್ರೆಯೇ ಅತಿ ಉಪಯುಕ್ತ ಸಾಧನ ಎಂದು ಒಪ್ಪಿದರು. ದೂಳು ದಟ್ಟವಾಗಿದ್ದ ಕೆಲಸದಲ್ಲಿ ಒಂದು ವರ್ಷ, ಸಾಧಾರಣವಾಗಿದ್ದ ಕಡೆ ಐದರಿಂದ ಹತ್ತು ವರ್ಷ ದುಡಿದಿದ್ದರೆ ಶ್ವಾಸಕೋಶ ಕ್ಯಾನ್ಸರಿನ ಅಪಾಯ ಇಮ್ಮಡಿಯಾಗಬಹುದು ಎಂಬ ಲೆಕ್ಕವನ್ನೂ ಕೊಟ್ಟರು. ಸೂಕ್ಷ್ಮದರ್ಶಕ, ಸಿ.ಟಿ., ಎಳೆ ಎಣಿಸುವ ಪ್ರಯೋಗಾಲಯ ಎಲ್ಲ ಕೈಯಲ್ಲಿರುವವರು ಬಂದು ನಿಂತ ಜಾಗವಿದು.

ಭಾರತದಲ್ಲಿ ಕೆಲಸದ ಚರಿತ್ರೆಯೆಂಬ ಈ ಸಾಧನವೇ ದುರ್ಬಲ. ಟರ್ನರ್ ಬ್ರದರ್ಸ್‌ನ ಉತ್ತರಾಧಿಕಾರಿಯಾದ ಟರ್ನರ್ ಅಂಡ್ ನ್ಯೂವಾಲ್‌ಗೆ ಮುಂಬೈನ ಘಾಟ್‌ಕೋಪರ್‌ನಲ್ಲಿ ಹಿಂದೂಸ್ತಾನ್ ಫೆರೋಡೊ ಎಂಬ ಅಂಗಸಂಸ್ಥೆಯಿತ್ತು. ಹೀಗೆ ರಾಚ್‌ಡೇಲಿನ ಕಸುಬು ಇಲ್ಲಿಗೂ ಬಂದಿತು. 2005ರಲ್ಲಿ ವೈದ್ಯ ಮುರಳೀಧರ್ ಮತ್ತು ವಿಜಯ್ ಕಾನ್ಹೇರೆ ಮುಂಬೈನ ಕಲ್ನಾರು ಗಿರಣಿಯೊಂದರ ಕಾರ್ಮಿಕರ ಅಧ್ಯಯನವನ್ನು ಪ್ರಕಟಿಸಿದಾಗ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಆಸ್ಬೆಸ್ಟೋಸಿಸ್ ಇತ್ತು. ಅದು ಮೆರಿವೆದರ್ 1930ರಲ್ಲಿ ಕಂಡ ಪ್ರಮಾಣದ ಸಮೀಪದ್ದೇ. ಕೇಳಿದಾಗ ಸಿಗುತ್ತದೆ. ಆದರೂ ನಮ್ಮಲ್ಲಿ ದಾಖಲಾಗುವ ಪ್ರಕರಣಗಳು ಕೆಲವೇ ಕೆಲವು. ಅದನ್ನೇ ಮುಂದಿಟ್ಟು, ಇಲ್ಲಿ ಬಳಸುವ ಬಿಳಿ ಕಲ್ನಾರು ನಿರುಪದ್ರವಿ, ರೋಗವಿದ್ದರೆ ಕಾಣಬೇಕಿತ್ತಲ್ಲ ಎಂದು ಕಲ್ನಾರಿನ ಶೀಟು ತಯಾರಿಸುವ ಉದ್ಯಮ ವಾದಿಸುತ್ತದೆ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ, ಅದಿರಲಿ. ಕಾಣಬೇಕಿತ್ತು ಎನ್ನುವುದಕ್ಕೆ ನೋಡಿದವರು ಯಾರು? ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೆಮ್ಮುತ್ತ ಬಂದವನಿಗೆ ಕ್ಷಯದ ಪರೀಕ್ಷೆ ಆಗುತ್ತದೆ, ಆಗಲೇಬೇಕು. ಅದು ಇಲ್ಲವೆಂದಾದಾಗ ಚೀಟಿಯಲ್ಲಿ ಬರೆಯುವುದು ‘ಕೂಲಿ’ ಎಂದು. ಇನ್ನು ಕಾಲದ ಲೆಕ್ಕ. 2000ದಿಂದ 2010ರೊಳಗೆ ನಮ್ಮ ದೇಶ ಬಳಸುವ ಕಲ್ನಾರು ಎರಡು ಪಟ್ಟಿಗೂ ಮಿಗಿಲಾಗಿ ಏರಿತು, ವರ್ಷಕ್ಕೆ ಮೂರು ಲಕ್ಷ ಟನ್ ದಾಟಿತು. ಮೆಸೊಥೆಲಿಯೋಮಾ ಕಾಣಿಸಿಕೊಳ್ಳಲು ಮೂವತ್ತು-ನಲವತ್ತು ವರ್ಷ ಬೇಕು. ಆ ದಶಕದ ದೂಳು ಯಾರ ಎದೆಯಲ್ಲಿ ಕೂತಿದೆಯೋ ಅವರ ಸರದಿ ಇನ್ನೂ ಬಂದೇ ಇಲ್ಲ.

ಇದನ್ನು ಊಹಿಸಿಯೋ ಎಂಬಂತೆ ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು, ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಅರ್ಜಿಯ ಮೇಲೆ ತೀರ್ಪು ಕೊಟ್ಟಿತು. ಪ್ರತಿ ಕಲ್ನಾರು ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ರೋಗವಿದೆಯೆಂದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕು. ಕಾರ್ಮಿಕನ ಆರೋಗ್ಯ ಬದುಕುವ ಹಕ್ಕಿನ ಭಾಗ ಎಂದದ್ದಕ್ಕಾಗಿ ಈ ತೀರ್ಪನ್ನು ಕಾನೂನು ಪುಸ್ತಕಗಳು ಹೊಗಳುತ್ತವೆ. ನನ್ನ ಮಟ್ಟಿಗೆ ಅದರ ನಿಜವಾದ ವಿವೇಕ ಆ 40 ವರ್ಷದ ಅಂಕಿಯಲ್ಲಿದೆ, ಏಕೆಂದರೆ ಈ ರೋಗವನ್ನು ಗುರುತಿಸುವುದು ಮೂವತ್ತು ವರ್ಷದ ಹಿಂದಿನ ಕಾಗದ ಎಂಬುದನ್ನು ಅದು ಅರಿತಿತ್ತು. ಅರಿಯದೆ ಉಳಿದದ್ದು ಗುತ್ತಿಗೆ ಪದ್ಧತಿಯನ್ನು. ಗುತ್ತಿಗೆಯ ಮೇಲೆ ಚೀಲ ಹರಿದು ನಾರು ಸುರಿಯುವವನ, ಶೀಟು ಕೊಯ್ಯುವವನ ಹೆಸರು ಕಾರ್ಖಾನೆಯ ಹಾಜರಿಯಲ್ಲಿ ಇರಬೇಕೆಂದಿಲ್ಲ, ಗುತ್ತಿಗೆದಾರನ ಲೆಕ್ಕದ ಪುಸ್ತಕದಲ್ಲಿ ಇದ್ದೀತು. ಗುತ್ತಿಗೆದಾರ ಬದಲಾದರೆ ಪುಸ್ತಕವೂ ಹೋಯಿತು. ಅಹಮದಾಬಾದಿನ ತಜ್ಞರು ಅವನ ಸಿ.ಟಿ.ಯಲ್ಲಿ ನಾರುಗಟ್ಟಿದ ಶ್ವಾಸಕೋಶವನ್ನು ಕಾಣಬಲ್ಲರು. ಅದು ಕಲ್ನಾರಿನದೆಂದು ಬರೆಯಲು ಅವನು ಎಲ್ಲಿ ದುಡಿದ ಎಂಬುದಕ್ಕೆ ಚೀಟಿ ಬೇಕು, ಅದನ್ನು ತರಬೇಕಾದ ಹೊಣೆ ಈಗ ರೋಗಿಯದು.